ಹಳೇ ಡರ್ಟ್ ಬೈಕು: ನಂಬಿಕೆ ಒಂದು, ನಿಜ ಇನ್ನೊಂದು

ಹಳೇ ಕಾರನ್ನೋ ಅಪ್ಪನ ಕಾಲದ ಬುಲೆಟ್ಟನ್ನೋ ಜೋಪಾನ ಮಾಡುವವರನ್ನು ಕಂಡರೆ ಜನ ಮೆಚ್ಚುತ್ತಾರೆ. ಆದರೆ ಹೆಡ್‌ಲೈಟಿಲ್ಲದ, ನಂಬರ್ ಪ್ಲೇಟಿಲ್ಲದ, ರಸ್ತೆಗೆ ಇಳಿಸುವಂತೆಯೇ ಇಲ್ಲದ ಐವತ್ತು ವರ್ಷದ ಹಿಂದಿನ ಮೋಟೊಕ್ರಾಸ್ ಬೈಕಿಗಾಗಿ, ಅದರ ಒಂದೊಂದು ಬೋಲ್ಟಿಗಾಗಿ ವರ್ಷಗಟ್ಟಲೆ ಹುಡುಕಾಡುವವರು ಹೆಚ್ಚಿನವರಿಗೆ ಅರ್ಥವಾಗುವುದಿಲ್ಲ. ಅರ್ಥವಾಗದ ಜಾಗದಲ್ಲಿ ಊಹೆಗಳು ಬಂದು ಕೂರುತ್ತವೆ. ಮಣ್ಣಿನಲ್ಲಿ ಓಡಲೆಂದೇ ಹುಟ್ಟಿದ ಈ ಯಂತ್ರಗಳ ಮೇಲೆ, ಅವುಗಳ ಬಗ್ಗೆಯೇ ಬರೆಯುವ ಪತ್ರಿಕೆಗಳ ಮೇಲೆ ನನಗೆ ಅಪಾರ ಪ್ರೀತಿ. ಆದ್ದರಿಂದ ಆ ಊಹೆಗಳನ್ನು ಸುಮ್ಮನೆ ಬಿಡಲು ಮನಸ್ಸಿಲ್ಲ.

“ಹಳೆಯದಾಗಿದ್ದರೆ ಸಾಕು, ಅದು ವಿಂಟೇಜ್”

ಸಾಲದು. ಇಲ್ಲಿ ವಯಸ್ಸಿನಷ್ಟೇ ಲೆಕ್ಕಕ್ಕೆ ಬರುವುದು ಬೈಕಿನ ರಚನೆ. ಬ್ರಿಟನ್ನಿನಲ್ಲಿ ‘ಪ್ರೀ-65’ ಎಂಬ ವರ್ಗವಿದೆ. 1965ಕ್ಕಿಂತ ಮೊದಲಿನ ಬೈಕುಗಳಿಗೆ ಮೀಸಲು. ನಂತರ ‘ಟ್ವಿನ್‌ಶಾಕ್’, ಅಂದರೆ ಹಿಂಚಕ್ರದ ಎರಡೂ ಬದಿಗೆ ಒಂದೊಂದು ಶಾಕ್ ಅಬ್ಸಾರ್ಬರ್ ಇರುವವು. ಅದರಾಚೆಗೆ ‘ಇವೊ’: ಗಾಳಿಯಲ್ಲೇ ತಣಿಯುವ ಎಂಜಿನ್, ಡ್ರಮ್ ಬ್ರೇಕ್, ಹಿಂದಿನ ಸಸ್ಪೆನ್ಶನ್ನಿಗೆ ಲಿಂಕೇಜ್ ಇರಕೂಡದು. ಅಮೆರಿಕದ ಎ.ಎಚ್.ಆರ್.ಎಂ.ಎ. ಸಂಸ್ಥೆಯ ವಿಂಟೇಜ್ ಮೋಟೊಕ್ರಾಸ್‌ನಲ್ಲಿ ಇಂಚುಪಟ್ಟಿಯೇ ತೀರ್ಪು ಕೊಡುತ್ತದೆ: ಮುಂಚಕ್ರ 7 ಇಂಚಿಗಿಂತ, ಹಿಂಚಕ್ರ 4 ಇಂಚಿಗಿಂತ ಹೆಚ್ಚು ಮೇಲೆ ಕೆಳಗೆ ಆಡುವಂತಿಲ್ಲ. ಇಷ್ಟು ಕಟ್ಟುನಿಟ್ಟು ಯಾಕೆ ಎಂಬುದು ಮುಂದಿನ ಮಾತು ತಿಳಿದರೆ ತಾನಾಗಿ ಗೊತ್ತಾಗುತ್ತದೆ.

“ಆ ಕಾಲದ ಬೈಕುಗಳಿಗೆ ಪವರ್ ಇರಲಿಲ್ಲ, ಅದಕ್ಕೇ ನಿಧಾನ”

ಇದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟ ತಪ್ಪು. ಪವರ್ ಇತ್ತು, ಬೇಕಾದಷ್ಟಿತ್ತು. ಆದರೆ ಆ ಪವರ್ ನೆಲಕ್ಕೆ ಮುಟ್ಟುತ್ತಿರಲಿಲ್ಲ.

1970ರ ಸುಮಾರಿನ ಸ್ವೀಡನ್ನಿನ ಹಸ್ಕ್‌ವಾರ್ನಾವನ್ನೋ ಜೆಕೊಸ್ಲೊವಾಕಿಯಾದ ಸಿ-ಝಡ್ ಅನ್ನೋ ಪಕ್ಕದಲ್ಲಿ ಕೂತು ನೋಡಿ. ಹಿಂದಿನ ಶಾಕ್‌ಗಳು ಸೀಟಿನ ಕೆಳಗೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತವೆ. ಚಕ್ರ ಮೇಲೆ ಕೆಳಗೆ ಆಡುವುದು ನಾಲ್ಕು ಇಂಚು, ಅಂದರೆ ಒಂದು ಅಂಗೈಯ ಅಗಲ. ಸಾಲುಸಾಲು ಗುಂಡಿಗಳಿರುವ ಟ್ರ್ಯಾಕಿನಲ್ಲಿ ಆ ನಾಲ್ಕು ಇಂಚು ಮೊದಲ ಗುಂಡಿಯಲ್ಲೇ ಮುಗಿದುಹೋಗುತ್ತದೆ. ಮುಂದಿನ ಏಟಿಗೆ ಬೈಕಿನ ಹಿಂಭಾಗ ನೆಲ ಬಿಟ್ಟು ಚಿಮ್ಮುತ್ತದೆ. ಗಾಳಿಯಲ್ಲಿರುವ ಚಕ್ರ ಎಷ್ಟು ಜೋರಾಗಿ ತಿರುಗಿದರೂ ಬೈಕು ಮುಂದೆ ಹೋಗುವುದಿಲ್ಲ. ಅದರ ಮೇಲೆ, ಪುಟ್ಟ ಶಾಕಿನೊಳಗಿನ ಎಣ್ಣೆ ಕಾದು ನೊರೆಯೇಳುತ್ತದೆ. ನೊರೆಯೆದ್ದ ಎಣ್ಣೆ ಸ್ಪ್ರಿಂಗನ್ನು ತಡೆಯಲಾರದು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸವಾರ ಬರೀ ಸ್ಪ್ರಿಂಗಿನ ಮೇಲೆ ಕುಪ್ಪಳಿಸುತ್ತಿರುತ್ತಾನೆ. ಹೀಗಾಗಿ ಆಗಿನ ದೊಡ್ಡ ಸವಾರರು ಥ್ರಾಟಲ್ ತಿರುವುವುದಕ್ಕಿಂತ ದಾರಿ ಆರಿಸುವುದರಲ್ಲಿ ನಿಸ್ಸೀಮರಾಗಿದ್ದರು. ಯಾವ ಗುಂಡಿಯನ್ನು ಬಳಸಿ ಹೋಗಬೇಕು, ಯಾವುದರ ಅಂಚಿನಲ್ಲಿ ಮೈಭಾರ ಹಿಂದಕ್ಕೆ ಹಾಕಬೇಕು ಎಂಬುದರಲ್ಲೇ ಗೆಲುವು ಅಡಗಿತ್ತು.

ಇದನ್ನು ಬದಲಿಸಿದ್ದು ಎಂಜಿನ್ ಅಲ್ಲ. ಬೆಲ್ಜಿಯಂನ ಎಂಜಿನಿಯರ್ ಲೂಸಿಯೆನ್ ಟಿಲ್ಕೆನ್ಸ್ ಎರಡು ಶಾಕ್‌ಗಳನ್ನು ಕಿತ್ತು, ಟ್ಯಾಂಕಿನ ಕೆಳಗೆ ಉದ್ದಕ್ಕೆ ಮಲಗುವ ಒಂದೇ ಒಂದು ದೊಡ್ಡ ಶಾಕ್ ಇಟ್ಟರು. ಯಮಹಾ ಆ ವಿನ್ಯಾಸವನ್ನು ಕೊಂಡಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಅದೇ ಬೈಕಿನಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದರು. ಅತ್ತ ಜರ್ಮನಿಯ ಮೈಕೊ, ಎರಡು ಶಾಕ್‌ಗಳನ್ನೇ ಇಟ್ಟುಕೊಂಡು ಅವುಗಳ ಬುಡವನ್ನು ಸ್ವಿಂಗ್ ಆರ್ಮ್ ಮೇಲೆ ಮುಂದಕ್ಕೆ ಸರಿಸಿತು. ಅಷ್ಟರಿಂದಲೇ ಚಕ್ರಕ್ಕೆ ಆಡಲು ಹೆಚ್ಚು ಜಾಗ ಸಿಕ್ಕಿತು. ಅಲ್ಲಿಂದ ಒಂದು ದಶಕ ಕಳೆಯುವುದರೊಳಗೆ ನಾಲ್ಕು ಇಂಚು ಹನ್ನೆರಡು ಇಂಚಾಯಿತು. ಮೋಟೊಕ್ರಾಸ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಾಣುವುದಿಲ್ಲ. ವಿಂಟೇಜ್ ನಿಯಮಗಳು ಇಂಚು ಅಳೆಯುವುದು ಇದೇ ಕಾರಣಕ್ಕೆ. ಈ ತಿರುವಿನ ಹಿಂದಿನದು ಒಂದು ಬಗೆಯ ಸವಾರಿ, ಮುಂದಿನದು ಬೇರೆಯೇ ಬಗೆ. ಎರಡನ್ನೂ ಒಂದೇ ಟ್ರ್ಯಾಕಿನಲ್ಲಿ ಓಡಿಸಿದರೆ ಹಳೆಯದಕ್ಕೆ ಅನ್ಯಾಯವಾಗುತ್ತದೆ.

“ಬ್ರಿಟಿಷ್ ಬೈಕುಗಳನ್ನು ಮೂಲೆಗೆ ತಳ್ಳಿದ್ದು ಜಪಾನ್”

ರಸ್ತೆಯ ಮಟ್ಟಿಗೆ ಈ ಮಾತು ಬಹುಪಾಲು ಸರಿ. ಮಣ್ಣಿನಲ್ಲಿ ಮಾತ್ರ ಜಪಾನಿನವರು ಬರುವ ಹೊತ್ತಿಗೆ ಆ ಕೆಲಸ ಆಗಿಹೋಗಿತ್ತು. ಜೆಫ್ ಸ್ಮಿತ್ 1964 ಮತ್ತು 1965ರಲ್ಲಿ ಬ್ರಿಟಿಷ್ ಬಿಎಸ್‌ಎ ಫೋರ್-ಸ್ಟ್ರೋಕ್ ಮೇಲೆ 500 ಸಿಸಿ ವಿಶ್ವ ಪಟ್ಟ ಗೆದ್ದರು. ಮರುವರ್ಷ ಬಿಎಸ್‌ಎ ತೂಕ ಇಳಿಸುವ ಹಟಕ್ಕೆ ಬಿದ್ದು ಟೈಟಾನಿಯಂ ಫ್ರೇಮ್ ಮಾಡಿತು. ಅದು ಬಿರುಕುಬಿಟ್ಟರೆ ಟ್ರ್ಯಾಕಿನ ಪಕ್ಕದಲ್ಲಿ ವೆಲ್ಡ್ ಮಾಡಿ ಸರಿಪಡಿಸುವಂಥ ಲೋಹವಲ್ಲ. 1966ರ ಪಟ್ಟ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ ಪಾಲಾಯಿತು. ಅವರ ಬೈಕು ಜೆಕೊಸ್ಲೊವಾಕಿಯಾದ ಸಿ-ಝಡ್, ಟು-ಸ್ಟ್ರೋಕ್. 1967 ಮತ್ತು 1968ರಲ್ಲೂ ಅವರದೇ ಗೆಲುವು. 250 ಸಿಸಿಯಲ್ಲಂತೂ ಸ್ವೀಡನ್ನಿನ ಟೋರ್ಸ್ಟನ್ ಹಾಲ್ಮನ್ 1962ರಲ್ಲೇ ಹಸ್ಕ್‌ವಾರ್ನಾ ಟು-ಸ್ಟ್ರೋಕ್ ಮೇಲೆ ಪಟ್ಟ ಏರಿದ್ದರು.

ಸುಜುಕಿ ಮೊದಲ ಸಲ ಮೋಟೊಕ್ರಾಸ್ ವಿಶ್ವ ಪಟ್ಟ ಗೆದ್ದದ್ದು 1970ರಲ್ಲಿ. ಓಡಿಸಿದವರು ಬೆಲ್ಜಿಯಂನ ಜೋಯೆಲ್ ರೊಬೇರ್. ಅದಕ್ಕೆ ಮುಂಚೆ ಸಿ-ಝಡ್ ಮೇಲೆ ಮೂರು ಪಟ್ಟ ಗೆದ್ದವರು ಅವರು. ಮುಂದೆ ಸುಜುಕಿಗೆ 500 ಸಿಸಿಯ ಪಟ್ಟಗಳನ್ನು ತಂದುಕೊಟ್ಟ ರೋಜರ್ ಡಿ ಕೋಸ್ಟರ್ ಕೂಡ ಸಿ-ಝಡ್‌ನಲ್ಲೇ ಪಳಗಿದವರು. ಜಪಾನಿನ ಸಾಧನೆ ದೊಡ್ಡದು, ಅದನ್ನು ಕುಂದಿಸುವ ಉದ್ದೇಶ ನನಗಿಲ್ಲ. ಆದರೆ ಜೆಕ್ ಮತ್ತು ಸ್ವೀಡಿಷ್ ಕಾರ್ಖಾನೆಗಳ ಪಾಲನ್ನು ಕಥೆಯಿಂದ ಹೊರಗಿಡುವುದು ಸಲ್ಲದು.

“ಎಲ್ಲ ಶುರುವಾದದ್ದು ಕ್ಯಾಲಿಫೋರ್ನಿಯಾದಲ್ಲಿ”

ಸ್ಟೀವ್ ಮೆಕ್ವೀನ್ ಕಾಣಿಸಿಕೊಂಡ ‘ಆನ್ ಎನಿ ಸಂಡೆ’ ಸಿನಿಮಾ 1971ರಲ್ಲಿ ಈ ಆಟವನ್ನು ಜಗತ್ತಿನ ಮನೆಮನೆಗೂ ತಲುಪಿಸಿತು, ನಿಜ. ಆದರೆ ಆಟ ಹುಟ್ಟಿದ್ದು 1924ರಲ್ಲಿ, ಇಂಗ್ಲೆಂಡಿನ ಕ್ಯಾಂಬರ್ಲಿಯ ಗುಡ್ಡಗಾಡಿನಲ್ಲಿ. ಅಮೆರಿಕಕ್ಕೆ ಅದು ಗಟ್ಟಿಯಾಗಿ ಕಾಲಿಟ್ಟದ್ದು 1966ರಲ್ಲಿ, ಹಸ್ಕ್‌ವಾರ್ನಾ ಆಮದು ಮಾಡುತ್ತಿದ್ದ ಎಡಿಸನ್ ಡೈ ಹಾಲ್ಮನ್‌ರನ್ನು ಕರೆಸಿ ಅಲ್ಲಿನವರ ಎದುರು ಓಡಿಸಿದಾಗ.

“ಆಫ್‌ರೋಡ್ ಅಂದರೆ ಹಾರಾಟ, ಹುಚ್ಚುವೇಗ”

ಟ್ರಯಲ್ಸ್ ಎಂಬ ಇನ್ನೊಂದು ಕವಲನ್ನು ನೋಡದವರ ಮಾತಿದು. ಅಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ತೊರೆ, ಜಾರುವ ಬೇರುಗಳ ನಡುವೆ ಕಾಲು ನೆಲಕ್ಕಿಡದೆ ದಾಟಬೇಕು. ಒಮ್ಮೆ ಕಾಲು ತಾಗಿದರೆ ಒಂದು ಅಂಕ ದಂಡ, ದಾಟಲಾಗದೆ ನಿಂತುಬಿಟ್ಟರೆ ಐದು. ಉತ್ತರ ಐರ್ಲೆಂಡಿನ ಸ್ಯಾಮಿ ಮಿಲ್ಲರ್ ಏರಿಯಲ್ ಎಂಬ ಭಾರದ ಬ್ರಿಟಿಷ್ ಫೋರ್-ಸ್ಟ್ರೋಕ್ ಮೇಲೆ ಇದರಲ್ಲಿ ಹೆಸರು ಮಾಡಿದರು. 1964ರ ಕೊನೆಗೆ ಸ್ಪೇನಿನ ಬುಲ್ಟಾಕೊ ಸೇರಿ, ಆ ಕಂಪನಿಗಾಗಿ ‘ಶೆರ್ಪಾ’ ಎಂಬ ಹಗುರ ಟು-ಸ್ಟ್ರೋಕ್ ರೂಪಿಸಿದರು. ಮರುವರ್ಷವೇ ಅದರ ಮೇಲೆ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಗೆದ್ದರು. ಬ್ರಿಟಿಷರು ತಮ್ಮದೆಂದೇ ನಂಬಿದ್ದ ಟ್ರಯಲ್ಸ್ ಬೈಕಿನ ಪಟ್ಟ ಬುಲ್ಟಾಕೊದ ಊರಾದ ಬಾರ್ಸಿಲೋನಾಗೆ ಹೋಯಿತು.

ನಮ್ಮ ಬುಲೆಟ್ಟಿನ ಬೇರೂ ಈ ಕವಲಿನಲ್ಲಿದೆ. ಹಿಂಚಕ್ರಕ್ಕೆ ಸ್ವಿಂಗ್ ಆರ್ಮ್ ಇರುವ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನ ಮಾದರಿಗಳು ಮೊದಲು ಜನರ ಕಣ್ಣಿಗೆ ಬಿದ್ದದ್ದು 1948ರ ಟ್ರಯಲ್ಸ್ ಸ್ಪರ್ಧೆಯೊಂದರಲ್ಲಿ. ಹಿಂಚಕ್ರ ಫ್ರೇಮಿಗೆ ಬಿಗಿಯಾಗಿ ಕೂತಿದ್ದರೇ ನೆಲದ ಹಿಡಿತ ಚೆನ್ನಾಗಿರುತ್ತದೆ ಎಂದು ಆಗಿನವರು ನಂಬಿದ್ದ ಕಾಲವದು. ಅದೇ ವರ್ಷ ಇಟಲಿಯಲ್ಲಿ ನಡೆದ ಅಂತಾರಾಷ್ಟ್ರೀಯ ಆರು ದಿನಗಳ ಟ್ರಯಲ್‌ನಲ್ಲಿ ಟ್ರೋಫಿ ಗೆದ್ದ ಬ್ರಿಟಿಷ್ ತಂಡದ ಬುಲೆಟ್ ಸವಾರರು ಚಿನ್ನದ ಪದಕ ಪಡೆದರು. 1952ರಲ್ಲಿ ಜಾನಿ ಬ್ರಿಟನ್ ಬುಲೆಟ್ ಮೇಲೆಯೇ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಗೆದ್ದರು. ಹೆದ್ದಾರಿಯಲ್ಲಿ ದುಡುದುಡು ಸದ್ದು ಮಾಡುತ್ತ ಹೋಗುವ ಬೈಕಿನ ಹಿಂದಿನ ಸಸ್ಪೆನ್ಶನ್ ಕಲ್ಲುಬಂಡೆಗಳ ಮೇಲೆ ಪರೀಕ್ಷೆ ಪಾಸಾಗಿ ಬಂದದ್ದು.

“ಮೈಸೂರಿಗೂ ಮೋಟೊಕ್ರಾಸಿಗೂ ಏನು ಸಂಬಂಧ?”

ಇದೆ, ಹತ್ತಿರದ ಸಂಬಂಧವೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿದ 250 ಸಿಸಿ ಜಾವಾ, ಜೆಕೊಸ್ಲೊವಾಕಿಯಾದಲ್ಲಿ ಜಾವಾ ಮತ್ತು ಸಿ-ಝಡ್ ಒಂದೇ ಸೂರಿನಡಿ ಬಂದ ಕಾಲದ ವಿನ್ಯಾಸ. ಆ ಬೈಕನ್ನು ಕಂಡವರಿಗೆ ಒಂದು ಸಂಗತಿ ನೆನಪಿರುತ್ತದೆ: ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಜೋಯೆಲ್ ರೊಬೇರ್ 1964ರಲ್ಲಿ ತಮ್ಮ ಮೊದಲ ವಿಶ್ವ ಪಟ್ಟ ಗೆದ್ದ ಸಿ-ಝಡ್ಡಿನ ಒಂಟಿ ಸಿಲಿಂಡರಿನಿಂದಲೂ ಎರಡು ಎಕ್ಸಾಸ್ಟ್ ಪೈಪುಗಳು ಹೊರಡುತ್ತಿದ್ದವು. ಅಂದಮಾತ್ರಕ್ಕೆ ಎರಡೂ ಒಂದೇ ಎಂಜಿನ್ ಅಲ್ಲ. ಒಂದೇ ಮನೆತನದವು, ಅಷ್ಟೇ. ಜಾವಾ ಮತ್ತು ಅದೇ ಕಾರ್ಖಾನೆಯ ಯೆಜ್ಡಿಗಳ ಅಭಿಮಾನಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ತಮ್ಮ ಬೈಕಿನ ಈ ಕೆಸರು ಮೆತ್ತಿದ ದಾಯಾದಿಗಳ ಕಡೆಗೂ ಅವರು ಕಣ್ಣು ಹಾಯಿಸಲಿ ಎಂಬುದು ನನ್ನ ಆಸೆ.

“ಟು-ಸ್ಟ್ರೋಕಿಗೆ ಆಯಿಲ್ ಹೆಚ್ಚಾದಷ್ಟೂ ಒಳ್ಳೇದು, ಪೆಟ್ರೋಲ್ ಯಾವುದಾದರೇನು”

ಇವೆರಡೂ ಎಂಜಿನ್ ಕೆಡಿಸುವ ಮಾತುಗಳು. ಆ ಕಾಲದ ಎಂಜಿನ್ನುಗಳಿಗೆ 20 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಅಂದರೆ ಲೀಟರಿಗೆ 50 ಮಿಲಿ, ಸಾಮಾನ್ಯ ಪ್ರಮಾಣ. ಎಂಜಿನ್ ಸೀಜ್ ಆದೀತೆಂಬ ಭಯಕ್ಕೆ ಅದರ ಮೇಲೆ ಇನ್ನಷ್ಟು ಸುರಿದರೆ ಆಗುವುದು ಉಲ್ಟಾ. ಕಾರ್ಬುರೇಟರಿನ ಜೆಟ್ಟಿನ ತೂತು ಅಷ್ಟೇ ಇರುತ್ತದೆ. ಅದರಲ್ಲಿ ಆಯಿಲ್ ಹೆಚ್ಚು ನುಗ್ಗಿದಷ್ಟೂ ಪೆಟ್ರೋಲಿಗೆ ಜಾಗ ಕಡಿಮೆ. ಗಾಳಿಯ ಪಾಲು ಹೆಚ್ಚಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ. ಜೊತೆಗೆ ಪ್ಲಗ್ ಕಪ್ಪಾಗುವುದು, ಎಕ್ಸಾಸ್ಟಿನಲ್ಲಿ ಮಸಿ ಕಟ್ಟುವುದು ಬೇರೆ.

ಪೆಟ್ರೋಲಿನದು ಇನ್ನೂ ಸೂಕ್ಷ್ಮ ವಿಚಾರ. ಬುಲ್ಟಾಕೊ, ಮಾಂಟೆಸಾ ಮುಂತಾದ ಸ್ಪ್ಯಾನಿಷ್ ಬೈಕುಗಳ ಚೆಲುವೆಲ್ಲ ಅವುಗಳ ಫೈಬರ್‌ಗ್ಲಾಸ್ ಟ್ಯಾಂಕಿನಲ್ಲಿದೆ. ಎಥನಾಲ್ ಬೆರೆತ ಪೆಟ್ರೋಲ್ ಆ ಟ್ಯಾಂಕಿನ ಹಳೇ ರೆಸಿನ್ನನ್ನು ಒಳಗಿಂದಲೇ ಮೆತ್ತಗಾಗಿಸುತ್ತದೆ. ಮೊದಲು ಪೆಟ್ರೋಲ್ ನಲ್ಲಿಯ ಜಾಲರಿಗೆ ಅಂಟಂಟಾದ ಪಾಚಿಯಂಥದ್ದು ಮೆತ್ತಿಕೊಳ್ಳುತ್ತದೆ. ಆಮೇಲೆ ಟ್ಯಾಂಕಿನ ಮೇಲ್ಮೈಯ ಬಣ್ಣ ಗುಳ್ಳೆಯೇಳುತ್ತದೆ. ಅಷ್ಟರಲ್ಲಿ ಕರಗಿದ ರೆಸಿನ್ ಕಾರ್ಬುರೇಟರ್ ದಾಟಿ ಪಿಸ್ಟನ್ ರಿಂಗುಗಳನ್ನು ಅಂಟಿಸಿರುತ್ತದೆ. ಈಗ ನಮ್ಮ ಬಂಕುಗಳಲ್ಲಿ ಸಿಗುವುದೂ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲೇ. ಉಕ್ಕಿನ ಟ್ಯಾಂಕಿನ ಯೆಜ್ಡಿ ಇಟ್ಟುಕೊಂಡವರೂ ಹುಷಾರಾಗಿರಬೇಕು: ಎಥನಾಲ್ ತೇವ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ನಿಲ್ಲಿಸುವ ಮುನ್ನ ಟ್ಯಾಂಕ್ ಮತ್ತು ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಬಿಡುವುದು ಕ್ಷೇಮ.

“ಮಿರಮಿರ ಮಿಂಚಿದರೇ ಬೆಲೆ”

ಕಾರ್ಖಾನೆಯಿಂದ ಹೊರಬಂದಾಗಲೂ ಇಲ್ಲದಷ್ಟು ಹೊಳಪು ಕೊಡುವುದು ಬೈಕಿನ ಚರಿತ್ರೆಯನ್ನು ಅಳಿಸಿದಂತೆ. ಬೂಟು ಉಜ್ಜಿ ಸವೆದ ಎಂಜಿನ್ ಕೇಸ್, ಮೂಲ ಬಣ್ಣ ಉಳಿದ ಫ್ರೇಮ್ ಒಮ್ಮೆ ಹೋದರೆ ಮತ್ತೆ ಬಾರದು. ತಿಳಿದವರು ಹುಡುಕುವುದು ಅದನ್ನೇ. ಮತ್ತು ಈ ಬೈಕುಗಳು ಬರೀ ಷೋಕೇಸಿನಲ್ಲಿ ಇಲ್ಲ. ವಿಂಟೇಜ್ ರೇಸುಗಳಲ್ಲಿ ಇವತ್ತಿಗೂ ಕೆಸರೆರಚುತ್ತಿವೆ.

“ಆ ಪತ್ರಿಕೆಗಳಲ್ಲಿ ಇರುವುದು ಬರೀ ಹಳೇ ನೆನಪು”

ನೆನಪೂ ಇದೆ. ಆದರೆ ಅವುಗಳನ್ನು ಬದುಕಿಸಿರುವುದು ನೆನಪೊಂದೇ ಅಲ್ಲ. ಈ ಬೈಕುಗಳ ಹೆಚ್ಚಿನ ಕಾರ್ಖಾನೆಗಳು ಈಗ ಇಲ್ಲ. ಮೈಕೊ 1983ರಲ್ಲಿ ದಿವಾಳಿಯಾಯಿತು. ಬುಲ್ಟಾಕೊ ಬಾಗಿಲು ಮುಚ್ಚಿತು. ಮೈಸೂರಿನ ಕಾರ್ಖಾನೆ 1996ರಲ್ಲಿ ನಿಂತಿತು. ರೇಸಿನ ಬೈಕುಗಳು ಪ್ರತಿ ವರ್ಷ ಬದಲಾಗುತ್ತಿದ್ದವು, ಒಮ್ಮೊಮ್ಮೆ ವರ್ಷದ ನಡುವೆಯೇ ಸದ್ದಿಲ್ಲದೆ ಬದಲಾಗುತ್ತಿದ್ದವು. ಹಾಗಿದ್ದಾಗ 1974ರ ಬೈಕಿಗೆ ಯಾವ ಕಾರ್ಬುರೇಟರ್ ಇತ್ತು, ಶಾಕಿನ ಬುಡ ಎಲ್ಲಿತ್ತು, ಕ್ಲಚ್ ಕೇಬಲ್ ಫ್ರೇಮಿನ ಒಳಗಿಂದ ಹೋಗುತ್ತಿತ್ತೋ ಹೊರಗಿಂದಲೋ ಎಂದು ಯಾರನ್ನು ಕೇಳುವುದು?

ಕೇಳಬೇಕಾದದ್ದು ಅಂದಿನ ಪತ್ರಿಕೆಗಳನ್ನೇ. ಅಮೆರಿಕದಲ್ಲಿ ‘ಡರ್ಟ್ ಬೈಕ್’ 1971ರಲ್ಲಿ ಶುರುವಾಯಿತು, ‘ಮೋಟೊಕ್ರಾಸ್ ಆ್ಯಕ್ಷನ್’ 1973ರಲ್ಲಿ. ‘ಡರ್ಟ್ ಬೈಕ್’ ಸಂಪಾದಕ ರಿಕ್ ಸೀಮನ್, ‘ಸೂಪರ್ ಹಂಕಿ’ ಎಂಬ ಹೆಸರಿನಿಂದ ಓದುಗರಿಗೆ ಪ್ರಿಯರಾದವರು, ಬೈಕಿನ ದೋಷವನ್ನು ಮುಲಾಜಿಲ್ಲದೆ ಬರೆಯುತ್ತಿದ್ದರು. ಆ ಪರೀಕ್ಷಾ ವರದಿಗಳಲ್ಲಿ ಅಳತೆ, ತೂಕ, ಮುರಿದುಹೋದ ಭಾಗ ಎಲ್ಲವೂ ಸಿಗುತ್ತವೆ. ಮುಂದೆ ಬ್ರಿಟನ್ನಿನ ‘ಕ್ಲಾಸಿಕ್ ಡರ್ಟ್ ಬೈಕ್’, ಆಸ್ಟ್ರೇಲಿಯಾದ ‘ವಿಎಂಎಕ್ಸ್’ ಆ ಕೆಲಸ ಮುಂದುವರಿಸಿದವು. ಒಂದು ಬೈಕನ್ನು ಪುಟಗಟ್ಟಲೆ ಬಿಡಿಸಿ ತೋರಿಸುವುದು, ಆಗಿನ ಸವಾರರು ಬದುಕಿರುವಾಗಲೇ ಅವರ ಬಾಯಿಂದ ಕೇಳಿ ದಾಖಲಿಸುವುದು ಇವುಗಳ ದೊಡ್ಡ ಸೇವೆ. ಹಳೇ ಸಂಚಿಕೆಯ ಕಪ್ಪು-ಬಿಳುಪು ಜಾಹೀರಾತೂ ಇಲ್ಲಿ ರದ್ದಿಯಲ್ಲ. ಬೈಕು ಆ ವರ್ಷ ಯಾವ ಟ್ಯಾಂಕು, ಯಾವ ಮಡ್‌ಗಾರ್ಡ್ ಹೊತ್ತು ಮಾರಾಟಕ್ಕೆ ಬಂದಿತ್ತೆಂಬುದಕ್ಕೆ ಎಷ್ಟೋ ಸಲ ಉಳಿದಿರುವ ಸಾಕ್ಷಿ ಅದೊಂದೇ.