ಗುಂಡನ್ನು ಕೀಳುವ ಕಾಲೆಟ್ : ಅಳತೆಯ ವಿಚಾರ

ಈಗಿನ ಗದಗ ಜಿಲ್ಲೆಗೆ ಸೇರಿದ ರೋಣ, ಗಜೇಂದ್ರಗಡ, ನರಗುಂದಗಳ ಸೀಮೆಯಲ್ಲಿ ಬಂದೂಕಿನ ಮಾತೆತ್ತಿದರೆ 1858ನೆಯ ಇಸವಿಯು ನೆನಪಿಗೆ ಬರುವುದು ಸಹಜ. ದತ್ತು ಸ್ವೀಕಾರಕ್ಕೆ ಅನುಮತಿ ದೊರೆಯದಿದ್ದುದೂ, ಆಯುಧಗಳ ಮೇಲೆ ನಿರ್ಬಂಧ ಹೇರಿದ 1857ರ ಶಾಸನವೂ ನರಗುಂದದ ಬಾಬಾಸಾಹೇಬರನ್ನು ದಂಗೆಗೆ ನೂಕಿದವು. ಮೇ ತಿಂಗಳ ಕೊನೆಯಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯು ಸುರೇಬಾನದಲ್ಲಿ ಹತನಾದನು. ಜೂನ್ ಆರಂಭದಲ್ಲಿ ನರಗುಂದದ ಕೋಟೆಯು ಕಂಪನಿಯ ಸೈನ್ಯದ ವಶವಾಯಿತು.

ಆ ಕಾಲದ ಸಾಮಾನ್ಯ ಬಂದೂಕಿಗೆ ಬಾಯಿಯ ಕಡೆಯಿಂದಲೇ ಮದ್ದನ್ನು ಸುರಿದು, ಮೇಲೆ ಸೀಸದ ಗುಂಡನ್ನು ಇಟ್ಟು, ಸಲಾಕೆಯಿಂದ ಒತ್ತಬೇಕಾಗಿತ್ತು. ತುಂಬಿದ್ದನ್ನು ಹಾರಿಸದೆ ತೆಗೆಯಬೇಕಾದರೆ, ಸಲಾಕೆಯ ತುದಿಗೆ ತಿರುಪನ್ನು ಸೇರಿಸಿ, ಅದನ್ನು ಮೆದುವಾದ ಸೀಸದೊಳಕ್ಕೆ ಕೊರೆದು ಗುಂಡನ್ನು ಮೇಲಕ್ಕೆ ಎಳೆಯುತ್ತಿದ್ದರು. ತಿರುಪು ನಡುವೆ ನಾಟದೆ ಪಕ್ಕಕ್ಕೆ ಸರಿದರೆ ನಳಿಕೆಗೆ ಗಾಯವಾಗುತ್ತಿತ್ತು. ಗುಂಡಿನ ಕೆಳಗಾದರೋ ಜೀವಂತ ಮದ್ದು ಇರುತ್ತಿತ್ತು. ತುಂಬುವುದಕ್ಕಿಂತ ಬಿಚ್ಚುವುದೇ ಕಷ್ಟವೆಂಬುದು ಅಂದಿನಿಂದಲೂ ಈ ಕಸುಬಿನ ಅನುಭವ.

ಮುಂದೆ ಹಿತ್ತಾಳೆಯ ತೋಟಾ ಬಂದಿತು. ಕೇಪು, ಮದ್ದು, ಗುಂಡು ಮೂರೂ ಒಂದೇ ಕೊಳವೆಯಲ್ಲಿ ಅಡಕವಾದವು. ತೋಟಾಗಳನ್ನು ತಾವೇ ತುಂಬಿಕೊಳ್ಳುವ ಗುರಿಕಾರರು, ಮದ್ದಿನ ತೂಕ ತಪ್ಪಿತೆಂದು ಸಂದೇಹ ಬಂದಾಗ ಗುಂಡನ್ನು ಕೀಳಬೇಕಾಗುವುದು. ಅದಕ್ಕೆ ಬಳಸುವ ಸಾಧನಗಳಲ್ಲಿ ಕಾಲೆಟ್ ಒಂದು. ಇದು ಉದ್ದಕ್ಕೆ ಸೀಳುಗಳಿರುವ ಉಕ್ಕಿನ ಸಣ್ಣ ಕೊಳವೆ; ಲೇತ್ ಯಂತ್ರದ ಕೆಲಸಗಾರರಿಗೆ ಇದರ ಬಂಧು ಪರಿಚಿತ. ಪ್ರೆಸ್ಸಿನಲ್ಲಿ ತೋಟಾವನ್ನು ಮೇಲಕ್ಕೆ ಎತ್ತಿದಾಗ ಗುಂಡು ಕಾಲೆಟ್ಟಿನೊಳಗೆ ಸೇರುತ್ತದೆ. ಹಿಡಿಯನ್ನು ತಿರುಗಿಸಿದರೆ ಸೀಳುಗಳು ಕೂಡಿಕೊಂಡು ಗುಂಡನ್ನು ಸುತ್ತಲೂ ಸಮವಾಗಿ ಬಿಗಿಯುತ್ತವೆ. ತೋಟಾವನ್ನು ಇಳಿಸಿದಾಗ ಗುಂಡು ಮೇಲೆಯೇ ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ವಿಷಯವೆಂದರೆ, ಕಾಲೆಟ್ಟನ್ನು ಆರಿಸಬೇಕಾದುದು ಗುಂಡಿನ ನಿಜವಾದ ವ್ಯಾಸದಿಂದ, ಬಂದೂಕಿನ ಹೆಸರಿನಿಂದಲ್ಲ. ನಮ್ಮ ದೇಶದ ಪೊಲೀಸರ ಕೈಯಲ್ಲಿ ಬಹುಕಾಲ ಇದ್ದ .303 ರೈಫಲಿನ ಗುಂಡು ಸುಮಾರು 0.311 ಅಂಗುಲ ದಪ್ಪವಿರುತ್ತದೆ. ಹೆಸರಿನಲ್ಲಿರುವ ಅಳತೆ ನಳಿಕೆಯ ರಂಧ್ರದ್ದು, ಗುಂಡಾದರೋ ಅದರೊಳಗಿನ ತೋಡುಗಳನ್ನೂ ತುಂಬಬೇಕು. 7.62 ಮಿಲಿಮೀಟರ್ ನೇಟೋ ತೋಟಾದ ಗುಂಡು 0.308 ಅಂಗುಲ. .38 ಸ್ಪೆಷಲ್ ಎಂಬುದರ ಗುಂಡು ಸಾಮಾನ್ಯವಾಗಿ 0.357 ಅಂಗುಲ ಮಾತ್ರ. ಆದುದರಿಂದ ಮೈಕ್ರೋಮೀಟರಿನಿಂದ ಗುಂಡನ್ನು ಅಳೆದು, ತಯಾರಕರ ಪಟ್ಟಿಯಲ್ಲಿ ಆ ವ್ಯಾಸಕ್ಕೆ ಸೂಚಿಸಿದ ಕಾಲೆಟ್ಟನ್ನೇ ತೆಗೆದುಕೊಳ್ಳತಕ್ಕದ್ದು.

ಕಾಲೆಟ್ ಚಿಕ್ಕದಾದರೆ ಗುಂಡು ಒಳಗೆ ಹೋಗದು. ದೊಡ್ಡದಾದರೆ ಬಿಗಿತ ಸಾಲದೆ ಜಾರುವುದು, ಜಾರಿತೆಂದು ಬಲವಾಗಿ ಹಿಂಡಿದರೆ ಗುಂಡಿನ ಮೇಲೆ ಗೀರುಗಳು ಬಿದ್ದು ಅದು ನಿಖರವಾದ ಗುರಿಗೆ ಒದಗದು. ಹಿಡಿತವು ಗುಂಡಿನ ಮೊನಚಾದ ಮೂಗಿನ ಮೇಲಲ್ಲ, ಸಮನಾದ ಒಡಲಿನ ಮೇಲೆ ಬೀಳಬೇಕು. ಗುಂಡು ಕೊಳವೆಗೆ ಕಚ್ಚಿಕೊಂಡಿದ್ದರೆ, ಮೊದಲು ಅದನ್ನು ಕೂದಲೆಳೆಯಷ್ಟು ಒಳಕ್ಕೆ ಒತ್ತಿ ಬಂಧವನ್ನು ಸಡಿಲಿಸಿ, ಅನಂತರ ಎಳೆಯುವುದು ರೂಢಿ. ಗಿಡ್ಡವಾದ ಸೀಸದ ಗುಂಡುಗಳು ಕಾಲೆಟ್ಟಿಗೆ ಒಗ್ಗುವುದಿಲ್ಲ. ಅವಕ್ಕೆ ಸುತ್ತಿಗೆಯಂಥ ಬೇರೆ ಸಾಧನವುಂಟು. ಆದರೆ ಅಂಚಿನಲ್ಲಿಯೇ ಸಿಡಿಮದ್ದಿರುವ .22 ತೋಟಾಗಳಿಗೆ ಸುತ್ತಿಗೆಯನ್ನು ಎಂದಿಗೂ ತಾಕಿಸಕೂಡದು. ಗುಂಡು ಬಂದ ಮೇಲೂ ಕೇಪು ಜೀವಂತವಾಗಿಯೇ ಇರುತ್ತದೆಂಬುದನ್ನು ಮರೆಯಲಾಗದು.

ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯಂತೆ, ತೋಟಾಗಳ ತಯಾರಿಕೆಗೆ ಪರವಾನಗಿ ಬೇಕು. ಹಳೆಯ ವಾಡೆಯ ಅಟ್ಟದಲ್ಲಿಯೋ, ಹಿರಿಯರ ಪೆಟ್ಟಿಗೆಯಲ್ಲಿಯೋ ತೋಟಾಗಳು ಸಿಕ್ಕಿದರೆ, ಅವುಗಳನ್ನು ಇಕ್ಕುಳದಿಂದ ಬಿಚ್ಚಿ ನೋಡುವ ಕುತೂಹಲವು ಕೈಯನ್ನೋ ಕಣ್ಣನ್ನೋ ಬಲಿ ಕೇಳಬಹುದು. ಮುಟ್ಟದೆ, ಮಕ್ಕಳನ್ನು ದೂರವಿರಿಸಿ, ಹತ್ತಿರದ ಪೊಲೀಸು ಠಾಣೆಗೆ ತಿಳಿಸುವುದೇ ವಿವೇಕ.