ಶಿಕ್ಷಕರ ಅರ್ಹತಾ ಪರೀಕ್ಷೆಯ ಮಾರ್ಗದರ್ಶಿ ಪುಸ್ತಕಗಳ ಗುಣಮಟ್ಟ ಪರಿಶೀಲನೆ

ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಸಿದ್ಧತೆಗಾಗಿ ಖಾಸಗಿ ಪ್ರಕಾಶಕರು ಹೊರತರುವ ಮಾರ್ಗದರ್ಶಿ ಪುಸ್ತಕಗಳನ್ನು ವಾಡಿಕೆಯಲ್ಲಿ ಗೈಡ್ ಎನ್ನಲಾಗುತ್ತದೆ. ಇಂತಹ ಪುಸ್ತಕವು ಪ್ರಚಲಿತ ನಿಯಮ, ಪಠ್ಯಕ್ರಮ ಹಾಗೂ ಪ್ರಶ್ನೆಗಳ ಸ್ವರೂಪಕ್ಕೆ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದನ್ನು ಅಧಿಕೃತ ದಾಖಲೆಗಳೊಂದಿಗೆ ಹೋಲಿಸಿ ನಿರ್ಧರಿಸುವುದೇ ಗುಣಮಟ್ಟ ಪರಿಶೀಲನೆ.

ಹಿನ್ನೆಲೆ

ಶಿಕ್ಷಣ ಹಕ್ಕು ಕಾಯ್ದೆ, 2009ರ 23ನೇ ಪ್ರಕರಣದಡಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರಂದು ಅಧಿಸೂಚನೆ ಹೊರಡಿಸಿ, 1ರಿಂದ 8ನೇ ತರಗತಿಯವರೆಗಿನ ಶಿಕ್ಷಕರಿಗೆ ಟಿಇಟಿ ಕಡ್ಡಾಯಗೊಳಿಸಿತು. ಕರ್ನಾಟಕದಲ್ಲಿ ಈ ಪರೀಕ್ಷೆಯನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕವು ನಡೆಸುತ್ತದೆ. 1–5ನೇ ತರಗತಿಯ ಬೋಧನೆಗೆ ಪತ್ರಿಕೆ-1 ಮತ್ತು 6–8ನೇ ತರಗತಿಯ ಬೋಧನೆಗೆ ಪತ್ರಿಕೆ-2 ಇದೆ. ಪ್ರತಿ ಪತ್ರಿಕೆಯೂ 150 ಅಂಕಗಳ 150 ಬಹು ಆಯ್ಕೆ ಪ್ರಶ್ನೆಗಳನ್ನು ಒಳಗೊಂಡಿದ್ದು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಸಾಮಾನ್ಯ ವರ್ಗದವರು ತೇರ್ಗಡೆಯಾಗಲು ಶೇ. 60, ಅಂದರೆ 90 ಅಂಕ ಗಳಿಸಬೇಕು.

2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು, ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಅವಧಿ ಇರುವ ಸೇವಾನಿರತ ಶಿಕ್ಷಕರೂ 2 ವರ್ಷಗಳೊಳಗೆ ಟಿಇಟಿ ತೇರ್ಗಡೆಯಾಗಬೇಕೆಂದು ತೀರ್ಪು ನೀಡಿತು. ಇದರಿಂದ ಮಾರ್ಗದರ್ಶಿ ಪುಸ್ತಕಗಳನ್ನು ಅವಲಂಬಿಸುವವರ ವಲಯ ಹೊಸ ಅಭ್ಯರ್ಥಿಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ.

ಕಲಬುರಗಿ ಮತ್ತು ಕಮಲಾಪುರ

ಕಲಬುರಗಿ ಜಿಲ್ಲೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಕಮಲಾಪುರದಲ್ಲಿದೆ. ಹಿಂದೆ ಕಲಬುರಗಿ ತಾಲೂಕಿಗೆ ಸೇರಿದ್ದ ಕಮಲಾಪುರ ಈಗ ಪ್ರತ್ಯೇಕ ತಾಲೂಕು ಕೇಂದ್ರ. ಹಂಪಿಯ ಸಮೀಪದ ಕಮಲಾಪುರ ಬೇರೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ರೂಪುಗೊಂಡ ಡಯಟ್‌ಗಳು ಭಾವಿ ಶಿಕ್ಷಕರಿಗೂ ಸೇವಾನಿರತರಿಗೂ ತರಬೇತಿ ನೀಡುತ್ತವೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ಇದೆ. ಆದರೆ ಅದು ಟಿಇಟಿಗೆ ಬದಲಿಯಲ್ಲ. ಅರ್ಹತೆ ಪಡೆಯದವರಿಗೆ ಶಿಕ್ಷಕರ ನೇಮಕಾತಿಯಲ್ಲಿ ಆ ಮೀಸಲಾತಿಯ ಪ್ರಯೋಜನ ದೊರೆಯದು.

ಪರಿಶೀಲನೆಯ ಮಾನದಂಡಗಳು

ಪ್ರಚಲಿತತೆ: ಮುಖಪುಟದಲ್ಲಿ ಹೊಸ ವರ್ಷ ಮುದ್ರಿತವಾಗಿದ್ದರೂ ಒಳಗಿನ ಪಠ್ಯ ಹಳೆಯದಾಗಿರಬಹುದು. ಇದನ್ನು ಕೆಲವು ಅಂಶಗಳಿಂದ ಶೀಘ್ರವಾಗಿ ಗುರುತಿಸಬಹುದು.

* ಟಿಇಟಿ ಪ್ರಮಾಣಪತ್ರದ ಮಾನ್ಯತೆ 7 ವರ್ಷ ಎಂದಿದ್ದರೆ ಅದು ಹಳೆಯ ನಿಯಮ. 2021ರಲ್ಲಿ ಅದನ್ನು ಜೀವಿತಾವಧಿಗೆ ವಿಸ್ತರಿಸಲಾಗಿದೆ.
* ಅಂಗವೈಕಲ್ಯದ ವಿಧಗಳು 7 ಎಂದಿದ್ದರೆ ಅದು 1995ರ ಕಾಯ್ದೆಯ ಪಟ್ಟಿ. 2016ರ ಕಾಯ್ದೆಯಲ್ಲಿ 21 ವಿಧಗಳಿವೆ.
* 8ನೇ ತರಗತಿಯವರೆಗೆ ಯಾರನ್ನೂ ಅನುತ್ತೀರ್ಣಗೊಳಿಸುವಂತಿಲ್ಲ ಎಂದಷ್ಟೇ ಹೇಳಿದ್ದರೆ, 5 ಮತ್ತು 8ನೇ ತರಗತಿಗಳ ಕುರಿತ 2019ರ ತಿದ್ದುಪಡಿ ಬಿಟ್ಟುಹೋಗಿದೆ.
* ಕಲ್ಯಾಣ ಕರ್ನಾಟಕದ ಜಿಲ್ಲೆಗಳು 6 ಎಂದಿದ್ದರೆ, ಬಳ್ಳಾರಿಯಿಂದ ಬೇರ್ಪಟ್ಟು 2021ರಲ್ಲಿ ರಚನೆಯಾದ ವಿಜಯನಗರ ಸೇರಿಲ್ಲ.

ವ್ಯಾಪ್ತಿ: ಪತ್ರಿಕೆ-1ರಲ್ಲಿ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರ, ಭಾಷೆ-1, ಭಾಷೆ-2, ಗಣಿತ, ಪರಿಸರ ಅಧ್ಯಯನಗಳಿಗೆ ತಲಾ 30 ಅಂಕಗಳಿವೆ. ಪತ್ರಿಕೆ-2ರಲ್ಲಿ ಗಣಿತ ಮತ್ತು ವಿಜ್ಞಾನಕ್ಕೆ ಅಥವಾ ಸಮಾಜ ವಿಜ್ಞಾನಕ್ಕೆ 60 ಅಂಕಗಳಿವೆ. ಪುಟಗಳ ಹಂಚಿಕೆ ಈ ಪ್ರಮಾಣಕ್ಕೆ ಸರಿಹೊಂದುವುದೇ ಎಂದು ನೋಡಬೇಕು. ಪ್ರಶ್ನೆಗಳು ಆಯಾ ತರಗತಿಯ ವಿಷಯಗಳನ್ನೇ ಆಧರಿಸಿದ್ದರೂ, ಪರಿಷತ್ತಿನ 2011ರ ಮಾರ್ಗಸೂಚಿಯಂತೆ ಅವುಗಳ ಕಠಿಣತೆ ಪತ್ರಿಕೆ-1ರಲ್ಲಿ ಪ್ರೌಢಶಾಲಾ ಹಂತದವರೆಗೆ ಹಾಗೂ ಪತ್ರಿಕೆ-2ರಲ್ಲಿ ಪದವಿಪೂರ್ವ ಹಂತದವರೆಗೆ ಇರಬಹುದು.

ಪ್ರಶ್ನೆಗಳ ಸ್ವರೂಪ: ಪಿಯಾಜೆ ಹೇಳಿದ ಹಂತಗಳು ಎಷ್ಟು ಎಂಬಂತಹ ಪ್ರಶ್ನೆ ನೆನಪನ್ನು ಮಾತ್ರ ಪರೀಕ್ಷಿಸುತ್ತದೆ. ಅಗಲವಾದ ಬಟ್ಟಲಿನ ನೀರನ್ನು ಎತ್ತರದ ಲೋಟಕ್ಕೆ ಸುರಿದಾಗ ನೀರು ಹೆಚ್ಚಾಯಿತು ಎನ್ನುವ ಮಗು ಯಾವ ಹಂತದಲ್ಲಿದೆ ಎಂಬ ಪ್ರಶ್ನೆ ಅನ್ವಯವನ್ನು ಪರೀಕ್ಷಿಸುತ್ತದೆ. ಉತ್ತಮ ಪುಸ್ತಕವು ಇದಕ್ಕೆ ಕಾರ್ಯಪೂರ್ವ ಹಂತ (ಸುಮಾರು 2–7 ವರ್ಷ) ಎಂಬ ಉತ್ತರದ ಜೊತೆಗೆ, ಪರಿಮಾಣ ಬದಲಾಗದೆಂಬ ತಿಳಿವಳಿಕೆ ಆ ಮಗುವಿಗೆ ಇನ್ನೂ ಬಂದಿಲ್ಲ ಎಂಬ ಕಾರಣವನ್ನೂ ಕೊಡುತ್ತದೆ.

ಉತ್ತರಗಳ ನಿಖರತೆ: ಇಲಾಖೆಯು ಪರೀಕ್ಷೆಯ ನಂತರ ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಪರಿಶೀಲಿಸಿದ ಮೇಲೆ ಅಂತಿಮ ಕೀ ಉತ್ತರಗಳನ್ನು ನೀಡುತ್ತದೆ. ಪುಸ್ತಕದಲ್ಲಿನ ಹಿಂದಿನ ವರ್ಷಗಳ ಉತ್ತರಗಳನ್ನು ಅಂತಿಮ ಪಟ್ಟಿಯೊಂದಿಗೇ ಹೋಲಿಸಬೇಕು. ವ್ಯಾಕರಣ ಭಾಗವನ್ನು ಪರಿಚಿತ ಪದಗಳಿಂದಲೇ ಪರೀಕ್ಷಿಸಬಹುದು: 'ಮಳೆಗಾಲ' ಆದೇಶ ಸಂಧಿ, 'ಊರೂರು' ಲೋಪ ಸಂಧಿ, 'ಮನೆಯಲ್ಲಿ' ಆಗಮ ಸಂಧಿ. ಇಂತಹ ಮೂಲ ಉದಾಹರಣೆಗಳಲ್ಲಿಯೇ ತಪ್ಪಿದ್ದರೆ ಉಳಿದ ಉತ್ತರಗಳನ್ನು ನಂಬುವುದು ಕಷ್ಟ.

ಪರಿಭಾಷೆ ಮತ್ತು ಅನುವಾದ: ಶೈಕ್ಷಣಿಕ ಮನೋವಿಜ್ಞಾನದ ಒಂದೇ ಪರಿಕಲ್ಪನೆಗೆ ಕನ್ನಡದಲ್ಲಿ ಹಲವು ಪದಗಳು ಬಳಕೆಯಲ್ಲಿವೆ. ಒಂದೇ ಪದವನ್ನು ಪುಸ್ತಕದಾದ್ಯಂತ ಬಳಸಿ, ಪರ್ಯಾಯ ಪದಗಳನ್ನೂ ಒಮ್ಮೆ ಸೂಚಿಸುವ ಪುಸ್ತಕದಿಂದ ಗೊಂದಲ ಕಡಿಮೆಯಾಗುತ್ತದೆ. ಕಲಬುರಗಿಯಲ್ಲಿ ಉರ್ದು ಮಾಧ್ಯಮದ ಅಭ್ಯರ್ಥಿಗಳೂ ಇರುವುದರಿಂದ ಆ ಭಾಷೆಯ ಆವೃತ್ತಿಗಳಿಗೂ ಈ ಮಾನದಂಡ ಅನ್ವಯಿಸುತ್ತದೆ.

ಮಿತಿಗಳು

ಉತ್ತಮ ಮಾರ್ಗದರ್ಶಿ ಪುಸ್ತಕವೂ ಪಠ್ಯಪುಸ್ತಕಕ್ಕೆ ಪರ್ಯಾಯವಾಗದು. 1ರಿಂದ 8ನೇ ತರಗತಿಯವರೆಗಿನ ರಾಜ್ಯ ಪಠ್ಯಪುಸ್ತಕಗಳು, ಆಯಾ ವರ್ಷದ ಅಧಿಸೂಚನೆ ಮತ್ತು ಹಿಂದಿನ ಪ್ರಶ್ನೆಪತ್ರಿಕೆಗಳು ಮೂಲ ಆಧಾರಗಳಾಗಿವೆ. ಮಾರ್ಗದರ್ಶಿ ಪುಸ್ತಕಕ್ಕೂ ಇವುಗಳಿಗೂ ಭಿನ್ನತೆ ಕಂಡುಬಂದಲ್ಲಿ ಮೂಲವನ್ನೇ ಅನುಸರಿಸಬೇಕಾಗುತ್ತದೆ.