ಗಿಳಿಮೂಗಿನ ಬೆಲೆ, ಟಗರಿನ ಗುಣದೋಷ

2020ರ ಕೊನೆಯಲ್ಲಿ ಆಟಪಾಡಿ ಭಾಗದ ಒಂದು ಟಗರಿಗೆ 70 ಲಕ್ಷ ರೂಪಾಯಿ ಕೊಡಲು ಗಿರಾಕಿಯೊಬ್ಬರು ಮುಂದಾದರು. ಒಡೆಯರು ಕೊಡಲೊಪ್ಪದೆ ಒಂದೂವರೆ ಕೋಟಿ ಹೇಳಿದರು. ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಆ ಟಗರು ಜತ್ತ ತಾಲೂಕಿನ ಮಾಡಗ್ಯಾಳ ಗ್ರಾಮದ ಹೆಸರನ್ನೇ ಹೊತ್ತ ತಳಿಯದು. ಅಂದಿನಿಂದ ಉಮದಿ, ಸಂಖ, ಮಾಡಗ್ಯಾಳ ಸೀಮೆಯ ಕುರಿಗಾಹಿ ಮನೆತನಗಳಲ್ಲಿ ಮರಿ ಹುಟ್ಟಿದೊಡನೆ ಮೊದಲು ನೋಡುವುದು ಅದರ ಮೂಗನ್ನು.

ಮಾಡಗ್ಯಾಳ ಕುರಿಯ ರೂಪವೇ ಬೇರೆ. ಬಿಳಿ ಮೈಯ ಮೇಲೆ ಕಂದು ಮಚ್ಚೆ, ನೀಳವಾದ ಕೊರಳು, ಇಳಿಬಿದ್ದ ಉದ್ದ ಕಿವಿ, ಎತ್ತರದ ಕಾಲು. ಎಲ್ಲಕ್ಕಿಂತ ಮಿಗಿಲಾಗಿ ಗಿಳಿಯ ಕೊಕ್ಕಿನಂತೆ ಬಾಗಿ ಉಬ್ಬಿದ ಮೂಗು. ದಖನಿ ಕುರಿಯಂತೆ ಇದು ಉಣ್ಣೆಗಾಗಿ ಸಾಕಿದ ಪ್ರಾಣಿಯಲ್ಲ. ಇದರ ಮೈಮೇಲಿನ ಕೂದಲಿನಿಂದ ಕಂಬಳಿ ನೇಯುವಂತಿಲ್ಲ. ಬೇಗ ಬೆಳೆಯುವ ಮೈ, ಬರದ ನಾಡಿನಲ್ಲಿ ದೂರ ನಡೆದು ಮೇಯುವ ಶಕ್ತಿ ಇವೇ ಇದರ ನಿಜವಾದ ಬಂಡವಾಳ. 2003ರ ಸಮೀಕ್ಷೆಯಲ್ಲಿ ಸಾಂಗಲಿ ಜಿಲ್ಲೆಯಲ್ಲಿ ಶುದ್ಧ ಮಾಡಗ್ಯಾಳ ಕುರಿಗಳು ಐದು ಸಾವಿರದ ಆಸುಪಾಸಿನಲ್ಲಿದ್ದವು. ಬಳಿಕ ಸಂಖ್ಯೆ ಬಹಳ ಏರಿತು, ಆದರೆ ಏರಿದ ಲೆಕ್ಕದಲ್ಲಿ ಮಿಶ್ರ ತಳಿಯೂ ಸೇರಿದೆ.

ಹೀಗಿರಲು ಮೂಗೊಂದೇ ಬೆಲೆಯನ್ನು ನಿರ್ಣಯಿಸತೊಡಗಿದರೆ ಏನಾಗುತ್ತದೆ? ಇದಕ್ಕೆ ಉತ್ತರವನ್ನು ಇಂಗ್ಲೆಂಡಿನ ಬುಲ್‌ಡಾಗ್ ನಾಯಿಯ ಇತಿಹಾಸದಲ್ಲಿ ಕಾಣಬಹುದು. ಗೂಳಿಯ ಮೇಲೆ ನಾಯಿ ಬಿಡುವ ಕ್ರೂರ ಆಟವನ್ನು ಅಲ್ಲಿ 1835ರ ಕಾಯಿದೆ ನಿಷೇಧಿಸಿತು. ಕೆಲಸ ತಪ್ಪಿದ ನಾಯಿ ಪ್ರದರ್ಶನದ ಅಂಗಳಕ್ಕೆ ಬಂದಿತು. ತೀರ್ಪುಗಾರರು ಚಪ್ಪಟೆ ಮುಖವನ್ನೂ, ಮುಂದೆ ಚಾಚಿದ ಕೆಳದವಡೆಯನ್ನೂ, ದೊಡ್ಡ ತಲೆಯನ್ನೂ ಗುಣವೆಂದರು. ಸಾಕುವವರು ಅವನ್ನೇ ಹೆಚ್ಚಿಸುತ್ತ ಹೋದರು. ಕೊನೆಗೆ ಉಸಿರಾಡಲು ಏದುವ, ಹೊಟ್ಟೆ ಕೊಯ್ದೇ ಮರಿ ತೆಗೆಯಬೇಕಾದ ನಾಯಿಗಳು ಸಾಮಾನ್ಯವಾದವು. 2009ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ತನ್ನ ಲಕ್ಷಣಪಟ್ಟಿಯನ್ನೇ ತಿದ್ದಿ, ಅತಿರೇಕದ ಅಂಗಗಳನ್ನು ತಗ್ಗಿಸಬೇಕಾಯಿತು. ಅಲ್ಲಿ ದೋಷವಿದ್ದುದು ನಾಯಿಯಲ್ಲಲ್ಲ, ಅಂಕ ಕೊಟ್ಟವರ ಕಣ್ಣಿನಲ್ಲಿ.

ಕುರಿಯ ವಿಷಯದಲ್ಲಿ ಇನ್ನೂ ಅಷ್ಟು ದೂರ ಹೋಗಿಲ್ಲವೆಂಬುದು ಸಮಾಧಾನ. ಆದರೂ ಜಾಣ ಕುರಿಗಾಹಿ ಮೂಗನ್ನು ಮೆಚ್ಚಿದ ಮೇಲೆ ತುಟಿಯನ್ನು ಎತ್ತಿ ನೋಡದೆ ಬಿಡುವುದಿಲ್ಲ. ಕುರಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿ ಒಸಡು ಮಾತ್ರ. ಕೆಳಗಿನ ಹಲ್ಲುಗಳು ಆ ಒಸಡಿಗೆ ಸರಿಯಾಗಿ ಕೂಡಬೇಕು. ದವಡೆ ಮುಂದೆ ಚಾಚಿದ್ದರೂ ಹಿಂದೆ ಸರಿದಿದ್ದರೂ ಗಿಡ್ಡ ಹುಲ್ಲನ್ನು ಕಡಿಯಲಾಗದು. ಬುಲ್‌ಡಾಗಿಗೆ ಗುಣವೆನಿಸಿದ ಚಾಚಿದ ದವಡೆ ಜತ್ತದ ಬೇಸಿಗೆಯಲ್ಲಿ ಕುರಿಯನ್ನು ಉಪವಾಸ ಕೆಡವೀತು. ಹಲ್ಲಿನಿಂದ ವಯಸ್ಸೂ ತಿಳಿಯುತ್ತದೆ: ಎರಡು ದೊಡ್ಡ ಹಲ್ಲು ಬಂದಿದ್ದರೆ ಸುಮಾರು ಒಂದೂವರೆ ವರ್ಷ, ಎಂಟೂ ತುಂಬಿದ್ದರೆ ನಾಲ್ಕರ ಆಸುಪಾಸು. ಬಾಯಿ ನೋಡಗೊಡದ ಮಾರಾಟಗಾರನನ್ನು ಬಿಟ್ಟು ಮುಂದೆ ನಡೆಯುವುದೇ ಲೇಸು.

ಬಾಯಿಯ ನಂತರ ಕಾಲು. ಟಗರನ್ನು ನಿಲ್ಲಿಸಿ ನೋಡಿದರೆ ಸಾಲದು, ಹತ್ತು ಹೆಜ್ಜೆ ನಡೆಸಬೇಕು. ಹಿಂಗಾಲಿನ ಮಂಡಿಗಳು ಒಂದಕ್ಕೊಂದು ತಾಕಿದರೆ, ಗೊರಸಿನ ಮೇಲಿನ ಗೆಣ್ಣು ನೆಲಕ್ಕೆ ಕುಸಿದರೆ, ಅದು ಹಿಂಡಿನೊಡನೆ ಹೋಗಲಾರದು. ಬೀಜದ ಟಗರಾದರೆ ವೃಷಣಗಳೆರಡೂ ಇಳಿದಿರಬೇಕು, ಸಮನಾಗಿ ಗಟ್ಟಿಯಾಗಿರಬೇಕು. ಹೂಮಾಲೆ ಹಾಕಿ, ಅರಿಷಿಣ ಬಳಿದು ತಂದ ಟಗರಿನಲ್ಲಿ ಇದನ್ನು ಪರೀಕ್ಷಿಸಲು ಅನೇಕರು ಸಂಕೋಚಪಡುತ್ತಾರೆ. ಲಕ್ಷ ರೂಪಾಯಿ ಎಣಿಸಿದ ಮೇಲೆ ಈ ಸಂಕೋಚ ಯಾರಿಗೂ ನೆನಪಿರುವುದಿಲ್ಲ!

ಹೆಸರಾದ ಟಗರಿನ ಮರಿಗಳೆಲ್ಲ ತಂದೆಯ ಮೂಗನ್ನೇ ಹೊತ್ತು ಹುಟ್ಟುವುದಿಲ್ಲ. ತಾಯಿಯ ಪಾಲೂ ಅರ್ಧವಿದೆ. ಮೂಗಿನ ಆಸೆಗೆ ಒಂದೇ ಟಗರನ್ನು ಅದರ ಹೆಣ್ಣುಮರಿಗಳಿಗೇ ಮತ್ತೆ ಮತ್ತೆ ಬಿಟ್ಟರೆ ಮರಿಗಳು ಸಣ್ಣದಾಗಿ, ರೋಗಕ್ಕೆ ಬೇಗ ಸಿಗುವಂತಾಗಿ ಹುಟ್ಟುತ್ತವೆ. ಇಪ್ಪತ್ತೈದು ಮೂವತ್ತು ಕುರಿಗೊಂದು ಟಗರು, ಎರಡು ವರ್ಷಕ್ಕೊಮ್ಮೆ ಟಗರಿನ ಬದಲಾವಣೆ ಎಂಬ ಹಳೆಯ ರೂಢಿಯನ್ನು ಪಶುವೈದ್ಯರೂ ಒಪ್ಪುತ್ತಾರೆ.

ಇನ್ನು ಸಂತೆಯ ಮಾತಿಗೆ ಬರೋಣ. ‘ಶುದ್ಧ ಮಾಡಗ್ಯಾಳ’ ಎಂದು ಕೊಂಡ ಮರಿ ಎಂಟು ತಿಂಗಳಲ್ಲಿ ಚಪ್ಪಟೆ ಮೂಗಿನ ಸಾಮಾನ್ಯ ಕುರಿಯಾಗಿ ಬೆಳೆದರೆ, ಸಾಲ ತೆಗೆದು ಹಣ ಕೊಟ್ಟ ಮನೆಯ ಗತಿಯೇನು? ಕಾನೂನಿನ ಕಣ್ಣಿನಲ್ಲಿ ಕುರಿಯೂ ಸರಕೇ. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನ ಸಾಮಾನ್ಯ ನಿಯಮವೆಂದರೆ ಗುಣಮಟ್ಟವನ್ನು ಕೊಳ್ಳುವವನೇ ನೋಡಿಕೊಳ್ಳಬೇಕು. ಕಣ್ಣಿಗೆ ಕಾಣುವ ಗೂನುಗಾಲಿಗೆ ಆಮೇಲೆ ತಕರಾರು ನಡೆಯುವುದು ಕಷ್ಟ. ಆದರೆ 15ನೆಯ ಕಲಮಿನಂತೆ, ಹೆಸರು ವಿವರ ಹೇಳಿ ಮಾರಿದ ವಸ್ತು ಆ ವಿವರಕ್ಕೆ ಹೊಂದಿಕೆಯಾಗಿರಲೇಬೇಕು. ತಳಿ ಹೇಳಿ ಮಾರಿದವನು ಆ ಮಾತಿಗೆ ಬದ್ಧ. ಬಾಯಿಮಾತಿನ ವ್ಯವಹಾರವೂ ಕರಾರೇ ಸರಿ. ತೊಡಕಿರುವುದು ಅದನ್ನು ಸಾಬೀತುಪಡಿಸುವಲ್ಲಿ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದಲ್ಲಾಳಿ ನ್ಯಾಯಾಲಯಕ್ಕೆ ಸಾಕ್ಷಿ ಹೇಳಲು ಬರುವುದು ಅಪರೂಪ.

ಆದುದರಿಂದ ಒಂದು ಚೀಟಿ ಬೇಕು. ಮಾರಿದವರ ಹೆಸರು, ಊರು, ತಾರೀಖು, ತಳಿ, ಹಲ್ಲಿನ ಲೆಕ್ಕ, ಮೈಮೇಲಿನ ಮಚ್ಚೆಯ ಗುರುತು, ಕೊಟ್ಟ ಹಣ, ಇಬ್ಬರ ಸಹಿ. ಇಷ್ಟನ್ನು ಕನ್ನಡ ಶಾಲೆಯ ಐದನೆಯ ತರಗತಿಯ ಹುಡುಗಿಯೂ ಬರೆಯಬಲ್ಲಳು. ಜತ್ತದ ಎಷ್ಟೋ ಮನೆಗಳಲ್ಲಿ ಅಕ್ಷರ ಬಲ್ಲವರೆಂದರೆ ಮಕ್ಕಳೇ. ಅದೇ ನೋಟುಬುಕ್ಕಿನ ಇನ್ನೊಂದು ಪುಟದಲ್ಲಿ ಪ್ರತಿ ಮರಿಯ ತಾಯಿ ಯಾವುದು, ತಂದೆ ಯಾವ ಟಗರು, ಹುಟ್ಟಿದ ದಿನ ಎಷ್ಟು ತೂಗಿತು, ಮೂರು ತಿಂಗಳಿಗೆ ಎಷ್ಟಾಯಿತು ಎಂದು ಬರೆದಿಟ್ಟರೆ, ಮುಂದಿನ ಸಂತೆಯಲ್ಲಿ ಮಾರುವಾಗ ಅಪ್ಪನ ಕೈಯಲ್ಲಿ ತೋರಿಸಲು ಮೂಗಿನ ಜೊತೆಗೆ ಆ ಪುಟವೂ ಇರುತ್ತದೆ.